ಪ್ರಾತ್ಯಕ್ಷಿಕೆಗೆ ಮುಹೂರ್ತ

ಪೊನ್ನಂಪೇಟೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ತಿಂಗಳು ವರ್ಷಕ್ಕೆ ಹನ್ನೆರಡು. ಮದುವೆ, ನಾಮಕರಣ, ಗೃಹಪ್ರವೇಶ ಮಾಡುವವರು ಹೇಗೋ ನಡುವೆ ಸಂದಿ ಹುಡುಕಿಕೊಳ್ಳುತ್ತಾರೆ. ‘ಮೆಷಿನ್ ಓಡಿಸಿ ತೋರಿಸುತ್ತೇನೆ, ಬನ್ನಿ’ ಎಂದು ಕರೆಯುವವನಿಗೆ ಮಾತ್ರ ಕ್ಯಾಲೆಂಡರಿನಲ್ಲಿ ಒಂದು ಚೌಕವೂ ಖಾಲಿ ಸಿಗುವುದಿಲ್ಲ.

ನಾನು ಓಡಿಸಿ ತೋರಿಸಬೇಕೆಂದಿರುವುದು ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವನ್ನು. ಲೇತು, ಮಿಲ್ಲಿಂಗ್ ಮೆಷಿನ್, ತಗಡು ಕತ್ತರಿಸುವ ಪ್ಲಾಸ್ಮಾ, ಮರ ಕೆತ್ತುವ ರೂಟರ್, ಇವನ್ನೆಲ್ಲ ಅದು ಸಾಧಾರಣ ಕಂಪ್ಯೂಟರಿನಿಂದ ನಡೆಸುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಒಳಗಿನ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಪೀಣ್ಯದ ಕಾರ್ಖಾನೆಗಳಲ್ಲಿ ಅರ್ಧ ಆಯುಸ್ಸು ಕಳೆದು ನಿವೃತ್ತನಾಗಿ ಊರಿಗೆ ಮರಳುವಾಗ ನಾನು ಜೊತೆಯಲ್ಲಿ ತಂದದ್ದು ಎರಡೇ: ಸಕ್ಕರೆ ಕಾಯಿಲೆ ಮತ್ತು ಈ ಹುಚ್ಚು. ಮೊದಲನೆಯದಕ್ಕೆ ಮಾತ್ರೆ ಇದೆ ಎನ್ನುತ್ತಾಳೆ ನನ್ನ ಹೆಂಡತಿ.

ಹುಚ್ಚಿಗೆ ಜಾಗ ಸಿಕ್ಕಿದ್ದು ಕಾರ್ ಶೆಡ್ಡಿನಲ್ಲಿ. ಗೋಣಿಕೊಪ್ಪದ ವೆಲ್ಡಿಂಗ್ ಶಾಪಿನ ಹುಡುಗ ಕಬ್ಬಿಣದ ಚೌಕಟ್ಟು ಬೆಸೆದು ಕೊಟ್ಟ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಸ್ಟೆಪ್ಪರ್ ಮೋಟರು, ಡ್ರೈವರು, ಬ್ರೇಕ್‌ಔಟ್ ಬೋರ್ಡು ಬಂದವು. ಮಗ ಓದುವಾಗ ಕೊಡಿಸಿದ್ದ ಹಳೆಯ ಡೆಸ್ಕ್‌ಟಾಪು ಅಟ್ಟದಿಂದ ಇಳಿಯಿತು. ಅದರ ಬೆನ್ನಿನಲ್ಲಿ ಮೋಟರಿಗೆ ಅಪ್ಪಣೆ ಕಳಿಸಲು ಬೇಕಾದ, ಈಗಿನ ಕಂಪ್ಯೂಟರುಗಳಲ್ಲಿ ಕಾಣಸಿಗದ ಪ್ರಿಂಟರ್ ಪೋರ್ಟ್ ಇತ್ತು. ಕಾರು ಮಾತ್ರ ಹಲಸಿನ ಮರದ ಕೆಳಗೆ ನಿಂತು ನೆನೆಯುತ್ತಿದೆ. ಮುಂಗಾರಿನಲ್ಲಿ ಅದರ ಸೀಟಿನ ಮೇಲೆ ಬೂಷ್ಟು ಬೆಳೆದಾಗ ಇವಳು ನನ್ನನ್ನು ಕರೆದು ತೋರಿಸಿದಳು.

“ನೋಡಿ, ಇದೂ ಪುಕ್ಕಟೆ. ಯಾರು ಬೇಕಾದ್ರೂ ಬಂದು ನೋಡಬಹುದು.”

ಪ್ರಾತ್ಯಕ್ಷಿಕೆಯ ವಿಷಯ ಮೊದಲು ಎತ್ತಿದ್ದು ರಾತ್ರಿ ಊಟಕ್ಕೆ ಕೂತಾಗ. ಇಪ್ಪತ್ತು ಇಪ್ಪತ್ತೈದು ಜನ ಸಾಕು ಎಂದೆ. ಬಡಗಿಗಳು, ವೆಲ್ಡಿಂಗಿನವರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿಯವರು, ಊರಿನ ಇಂಜಿನಿಯರಿಂಗ್ ಕಾಲೇಜಿನ ಒಂದಷ್ಟು ಮಕ್ಕಳು. ಇವಳು ಸೌಟು ಹಿಡಿದುಕೊಂಡೇ ಕೇಳಿದಳು: “ಊಟಕ್ಕೋ, ಬರೀ ಕಾಫಿಗೋ?”

ನಾನು ಯೋಚಿಸಿಕೊಂಡದ್ದು ಮೋಟರಿನ ಬಗ್ಗೆ. ಸ್ಟೆಪ್ಪರಿಗೆ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರು ಅದನ್ನು ಎಂಟಾಗಿ ಸೀಳಿದರೆ 1,600, ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರು ಸರಿದರೆ ಮಿಲಿಮೀಟರಿಗೆ 320. ಇಷ್ಟು ನಿಖರವಾಗಿ ಲೆಕ್ಕ ಹಾಕಿದ ಮನುಷ್ಯನಿಗೆ ಇಪ್ಪತ್ತೈದು ಜನಕ್ಕೆ ಅಕ್ಕಿ ಎಷ್ಟು ಸೇರು ಎಂದು ಕೇಳಿದರೆ ಉತ್ತರ ಬರಲಿಲ್ಲ.

ದಿನ ಗೊತ್ತುಮಾಡಲು ಕ್ಯಾಲೆಂಡರ್ ಇಳಿಸಿದೆವು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮರ ಬಿದ್ದು ಲೈನು ಹೋದರೆ ಬರುವುದು ಯಾವಾಗ ಎಂದು ಹೇಳುವವರಿಲ್ಲ. ಅದರ ಮೇಲೆ ನಾಟಿ ಕೆಲಸ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟು, ಎಲ್ಲರ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೋವಿಗೆ ಪೂಜೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯಲು ನಿಂತವರನ್ನು ‘ಬನ್ನಿ, ಮೆಷಿನ್ ಹೇಗೆ ಓಡುತ್ತದೆ ನೋಡಿ’ ಎಂದು ಕರೆಯುವ ಧೈರ್ಯ ನನಗಿಲ್ಲ. ಅದು ಮುಗಿದರೆ ದಸರಾ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ಊರೆಲ್ಲ ತಲಕಾವೇರಿಗೆ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಹಿಂದೆಯೇ ಹುತ್ತರಿ ಹಬ್ಬ. ಜನವರಿಯಿಂದ ರೊಬಸ್ಟಾ ಕೊಯ್ಲು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವುದು, ಬಾರದಿದ್ದರೆ ಕೆರೆಗೆ ಪಂಪ್ ಇಳಿಸಿ ಸ್ಪ್ರಿಂಕ್ಲರ್ ಹೊಡೆಯುವುದು. ಏಪ್ರಿಲ್, ಮೇ ಬಂದರೆ ಮದುವೆಗಳು. ಅವೂ ಇಲ್ಲದ ದಿನ ಹಾಕಿ.

ಹಾಕಿಯ ಬಗ್ಗೆ ಹೊರಗಿನವರಿಗೆ ಒಂದು ಮಾತು. ಕೊಡವ ಮನೆತನಗಳ ನಡುವಿನ ಹಾಕಿ ಹಬ್ಬವನ್ನು 1997ರಲ್ಲಿ ಕರಡದಲ್ಲಿ ಶುರುಮಾಡಿದವರು ಪಾಂಡಂಡ ಕುಟ್ಟಪ್ಪನವರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಹಬ್ಬಕ್ಕೆ 360 ಮನೆತನಗಳ ತಂಡಗಳು ಬಂದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಓಡುವ ಆಟ ಬಿಟ್ಟು ನನ್ನ ಶೆಡ್ಡಿಗೆ ಯಾರು ಬರುತ್ತಾರೆ? ನಾನೇ ಬರುವುದಿಲ್ಲ.

“ಆಯುಧ ಪೂಜೆ ದಿನ ಇಟ್ಟುಕೊಳ್ಳೋಣ, ಎಲ್ಲಾ ಶಾಪೂ ರಜಾ” ಎಂದು ಉಪಾಯ ಹೇಳಿದೆ. ಒಳಗಿನಿಂದ ಅಮ್ಮ ಕೂಗಿದರು: “ಆವತ್ತು ಆಯುಧ ಮುಟ್ಟಬಾರದು ಕಣೋ, ಅದಕ್ಕೇ ಅಲ್ವಾ ಪೂಜೆ!” ಜನ ಬಿಡುವಾಗಿರುವ ಒಂದೇ ದಿನ ಮೆಷಿನ್ನಿಗೂ ಬಿಡುವು.

ದಿನ ಹಾಗೇ ತೂಗಾಡುತ್ತಿರಲಿ ಎಂದು ನಾನು ತಾಂತ್ರಿಕ ತಯಾರಿಗೆ ಇಳಿದೆ. ಮೊದಲ ಕೆಲಸ ಲೇಟೆನ್ಸಿ ಟೆಸ್ಟು. ಮೆಷಿನ್ ನಡೆಸುವ ಕಂಪ್ಯೂಟರಿಗೆ ವೇಗಕ್ಕಿಂತ ಸಮಯಪಾಲನೆ ಮುಖ್ಯ. ‘ಈಗ ಹೆಜ್ಜೆ ಇಡು’ ಎಂದು ಮೋಟರಿಗೆ ಸರಿಯಾದ ಕ್ಷಣಕ್ಕೆ ಹೇಳಬೇಕು. ಎಷ್ಟು ತಡವಾದೀತು ಎಂಬುದನ್ನು ಈ ಪರೀಕ್ಷೆ ಅಳೆಯುತ್ತದೆ. ಪರೀಕ್ಷೆ ನಡೆಯುವಾಗ ಕಂಪ್ಯೂಟರಿಗೆ ಬೇಕೆಂದೇ ತೊಂದರೆ ಕೊಡಬೇಕು. ಕಿಟಕಿಗಳನ್ನು ಅತ್ತಿತ್ತ ಎಳೆಯಬೇಕು, ದೊಡ್ಡ ಫೈಲು ನಕಲು ಮಾಡಬೇಕು, ಹಾಡು ಹಚ್ಚಬೇಕು. ಅಷ್ಟಾದರೂ ತಡ 15-20 ಮೈಕ್ರೋಸೆಕೆಂಡಿನೊಳಗೆ ಇದ್ದರೆ ಕಂಪ್ಯೂಟರು ಬಂಗಾರ. 30-50 ಆದರೂ ನಡೆಯುತ್ತದೆ, ಮೋಟರಿನ ಓಟ ಸ್ವಲ್ಪ ತಗ್ಗುತ್ತದೆ. 100 ದಾಟಿದರೆ ಈ ಕೆಲಸಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪುಗಳು ಹೆಚ್ಚಾಗಿ ಇಲ್ಲಿ ನಪಾಸು. ಬ್ಯಾಟರಿ ಉಳಿಸಲು ಒಳಗೊಳಗೇ ಏನೇನೋ ಮಾಡಿಕೊಳ್ಳುತ್ತಿರುತ್ತವೆ. ಅಟ್ಟದ ಡೆಸ್ಕ್‌ಟಾಪು 14ಕ್ಕೆ ನಿಂತಿತು. ಮಗ ಪಾಸಾದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಇದನ್ನೆಲ್ಲ ನಾನು ಇವಳಿಗೆ ವಿವರಿಸುತ್ತಿದ್ದಾಗ ಊಟಕ್ಕೆ ಎಬ್ಬಿಸಲು ಬಂದವಳು ಬಾಗಿಲಲ್ಲೇ ನಿಂತಿದ್ದಳು.

“ಅಂದ್ರೆ, ಬೇರೆ ಕೆಲಸ ಎಷ್ಟೇ ಇರಲಿ, ಕರೆದ ತಕ್ಷಣ ಓಗೊಡಬೇಕು. ಅದೇ ತಾನೇ?”

“ಹೌದು, ಅದೇ!”

“ನಾನು ಒಂದೂವರೆಗೆ ಊಟಕ್ಕೆ ಕರೆದೆ. ಈಗ ಎರಡೂ ಇಪ್ಪತ್ತು. ನಿಮ್ಮನ್ನು ಅಟ್ಟಕ್ಕೆ ಹಾಕಿ ಆ ಕಂಪ್ಯೂಟರನ್ನೇ ಊಟಕ್ಕೆ ಕೂರಿಸಲಾ?”

ಸಮಾಧಾನಕ್ಕೆ ಒಂದು ಸಂಗತಿ ಹೇಳಿದೆ. ಹೀಗೆ ಹೊತ್ತಿಗೆ ಸರಿಯಾಗಿ ಓಗೊಡುವ ಗುಣವನ್ನು ಲಿನಕ್ಸಿನ ಮುಖ್ಯ ಕರ್ನೆಲ್ಲಿಗೆ ಪೂರ್ತಿಯಾಗಿ ಸೇರಿಸಲು ಜಗತ್ತಿನ ದೊಡ್ಡ ದೊಡ್ಡ ತಲೆಗಳಿಗೇ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 2024ರ ಕೊನೆಗೆ ಬಂದ 6.12ನೇ ಆವೃತ್ತಿಯಲ್ಲಿ ಅದು ಸೇರಿತು. “ನಮ್ಮ ಮದುವೆಯಾಗಿ ಅದಕ್ಕಿಂತ ಜಾಸ್ತಿ ಆಯ್ತು” ಎಂದು ಅವಳು ಒಳಗೆ ಹೋದಳು.

ಎರಡನೆಯ ತಯಾರಿ ಭಾಷಣ. ಹಾಳೆಯ ಮೇಲೆ ಬರೆದುಕೊಂಡು ಹಜಾರದಲ್ಲಿ ಅಮ್ಮನ ಮುಂದೆ ತಾಲೀಮು ಮಾಡಿದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಬಾರಿಗೆ ಅಂಕಿಗಳ ಆಜ್ಞೆಯಿಂದ ಓಡುವ ಮಿಲ್ಲಿಂಗ್ ಮೆಷಿನ್ ತೋರಿಸಿದ್ದು, ಅಪ್ಪಣೆಗಳನ್ನು ತೂತು ಹೊಡೆದ ಕಾಗದದ ಪಟ್ಟಿಯಿಂದ ಓದುತ್ತಿದ್ದದ್ದು, ಮೆಷಿನ್ನಿಗಿಂತ ಅದರ ಕಂಟ್ರೋಲಿನ ಬೀರುಗಳೇ ದೊಡ್ಡದಾಗಿದ್ದದ್ದು. ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ ಬಂದದ್ದು. ಲೇತು ಮಾಡುವ ಊರು ಎಂದು ಬೆಂಗಳೂರಿಗೆ ಹೆಸರಾದದ್ದು, ಆ ಬೆಂಗಳೂರಿನಲ್ಲಿ ನಾನೂ ಇದ್ದದ್ದು. ಈ ಕೊನೆಯ ಭಾಗ ಸ್ವಲ್ಪ ಉದ್ದವಾಗಿತ್ತು. ಆಮೇಲೆ ಲಿನಕ್ಸ್‌ಸಿಎನ್‌ಸಿ: 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಇದನ್ನು ಇಎಂಸಿ ಎಂಬ ಹೆಸರಿನಲ್ಲಿ ಬರೆಸಿತು. ಅಲ್ಲಿ ಸರ್ಕಾರಿ ನೌಕರರು ಬರೆದದ್ದಕ್ಕೆ ಕೃತಿಸ್ವಾಮ್ಯ ಇರುವುದಿಲ್ಲವಾದ್ದರಿಂದ ಎಲ್ಲರಿಗೂ ಸಿಕ್ಕಿತು; ಹವ್ಯಾಸಿಗಳು ಎತ್ತಿಕೊಂಡು ಬೆಳೆಸಿದರು. ಅದೇ ಮೂರಕ್ಷರದ ಕಂಪನಿಯೊಂದರ ತಕರಾರಿನಿಂದಾಗಿ 2011ರ ಹೊತ್ತಿಗೆ ಈಗಿನ ಹೆಸರು ಬಂತು. 2023ರಲ್ಲಿ ಬಂದ, ಡೆಬಿಯನ್ ಎಂಬ ಲಿನಕ್ಸಿನ 12ನೇ ಆವೃತ್ತಿಯಿಂದ ಅದು ಡೆಬಿಯನ್ನಿನ ಭಂಡಾರದಲ್ಲೇ ಇದೆ, ಒಂದು ಸಾಲು ಟೈಪಿಸಿದರೆ ಸಾಕು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಎಂದುಕೊಂಡಿದ್ದೆ, ಅಲ್ಲ.

“ಅಮೆರಿಕದವರು ಪುಕ್ಕಟೆ ಕೊಟ್ರಾ? ನಾವು ಶಾಲೇಲಿ ಅವರ ಹಾಲಿನ ಪುಡಿ ಕುಡಿದವರು. ಗಂಟುಗಂಟಾಗಿರ್ತಿತ್ತು. ನೀನು ಚೆನ್ನಾಗಿ ಕಲಕಿಕೊಂಡು ಕುಡಿ.”

ಹಾಲಿನ ಪುಡಿಯ ವಿಷಯದಲ್ಲಿ ಆಗದಿದ್ದದ್ದು ಇಲ್ಲಿ ಆಗುತ್ತದೆ, ಗಂಟು ಕಂಡವರು ಒಡೆದು ಉಳಿದವರಿಗೂ ಕೊಡುತ್ತಾರೆ ಎಂದು ಹೇಳಹೊರಟೆ. ಅಷ್ಟರಲ್ಲಿ ನಿಜವಾಗಿಯೂ ನಿದ್ದೆ ಬಂದಿತ್ತು.

ಏನನ್ನು ಕೆತ್ತಿ ತೋರಿಸುವುದು ಎಂಬ ಪ್ರಶ್ನೆಗೆ ಮನೆಯಲ್ಲಿ ಮೂರು ಪಕ್ಷ. ನಾನು ಹುಲಿಯ ಮುಖ ಎಂದೆ. ಅಮ್ಮ ಗಣಪತಿ ಎಂದರು. ಇವಳು ಚಪಾತಿ ಮಣೆ ಎಂದಳು. ಕಡೆಗೆ ಕೆತ್ತುವುದೇ ಬೇಡ ಎಂದು ತೀರ್ಮಾನ. ತಿರುಗುವ ಬಿಟ್ಟಿನ ಸುತ್ತ ಇಪ್ಪತ್ತೈದು ಜನ ಮುಖ ತಂದರೆ ಅಪಾಯ. ಬಿಟ್ಟಿನ ಜಾಗಕ್ಕೆ ಪೆನ್ನು ಕಟ್ಟಿ, ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ‘ಪೊನ್ನಂಪೇಟೆ’ ಎಂದು ಬರೆಸುವುದು. ಜೊತೆಗೆ ಅಂಗೈ ಹಾಕಿ ಒತ್ತುವಂಥ ಕೆಂಪು ಎಮರ್ಜೆನ್ಸಿ ಸ್ಟಾಪ್ ಗುಂಡಿ. ಇದನ್ನು ಬರೀ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಹಾಗೆ ಜೋಡಿಸಿದರೆ ಸಾಲದು. ಒತ್ತಿದಾಗ ಮೋಟರಿನ ಕರೆಂಟೇ ಕಡಿಯುವಂತೆ ತಂತಿ ಎಳೆಯಬೇಕು. ಯಾಕೆಂದರೆ ಕಂಪ್ಯೂಟರೇ ತಲೆಕೆಟ್ಟು ನಿಂತಾಗ ಅದಕ್ಕೆ ಸುದ್ದಿ ಮುಟ್ಟಿಸಿ ಏನು ಲಾಭ? ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಇವಳು ಆ ಗುಂಡಿಯನ್ನು ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿದಳು. ಭಾಷಣಕ್ಕೂ ಒಂದು ಜೋಡಿಸಲು ಬರುತ್ತದಾ ಎಂದು ಕೇಳಿದಳು.

ತಾಲೀಮಿಗೆ ಇಬ್ಬರನ್ನು ಕರೆದಿದ್ದೆ. ಒಬ್ಬರು ನಮ್ಮ ಮನೆಯ ಬಾಗಿಲು ಮಾಡಿದ ಆಚಾರಿ, ಇನ್ನೊಬ್ಬ ಆ ವೆಲ್ಡಿಂಗ್ ಹುಡುಗ. ಪರದೆಯ ಮೇಲೆ ಮೊದಲು ಬಂದದ್ದು ತಂತ್ರಾಂಶದ ಜೊತೆಗೇ ಬರುವ ಮಾದರಿ ಪ್ರೋಗ್ರಾಮು. ಅದನ್ನು ನಿಜವಾಗಿ ಕೆತ್ತುವ ಉದ್ದೇಶವಿಲ್ಲ ಎಂದು ಅದರ ಮೊದಲಲ್ಲೇ ಬರೆದಿದೆ. ಅಷ್ಟು ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಅದನ್ನು ಮುಚ್ಚಿ ಊರಿನ ಹೆಸರಿನ ಫೈಲು ತೆರೆದೆ, ಎಫ್1 ಒತ್ತಿದೆ, ಎಫ್2 ಒತ್ತಿದೆ, ಮೂರು ಅಕ್ಷಗಳನ್ನೂ ಮೂಲಸ್ಥಾನಕ್ಕೆ ತಂದು ‘ಹೋಮ್’ ಮಾಡಿದೆ, ಪೆನ್ನು ಇಳಿಯಿತು.

ನಮ್ಮ ಅಕ್ಷರ ಬರೆಸುವುದು ಇಂಗ್ಲಿಷಿನಷ್ಟು ಸಲೀಸಲ್ಲ. ಅವರದಕ್ಕೆ ಒಂಟಿ ಗೆರೆಯ ಅಕ್ಷರ ಸುಲಭವಾಗಿ ಸಿಗುತ್ತದೆ. ನಮ್ಮದನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಟೈಪಿಸಿ ಅಂಚಿನ ಗೆರೆಯಾಗಿ ಬದಲಿಸಿ ಮೆಷಿನ್ನಿಗೆ ಅರ್ಥವಾಗುವ ಜಿ-ಕೋಡ್ ಮಾಡಿಕೊಂಡಿದ್ದೆ. ಹಾಗಾಗಿ ಪೆನ್ನು ಅಕ್ಷರ ಬರೆಯುವುದಿಲ್ಲ, ಅಕ್ಷರದ ಸುತ್ತ ಪ್ರದಕ್ಷಿಣೆ ಬರುತ್ತದೆ. ‘ಪೊ’ದ ಹೊರಗಿನ ಬಳಸು ಮುಗಿಸಿ, ಪೆನ್ನೆತ್ತಿ, ಒಳಗಿನ ಸಣ್ಣ ಬಳಸಿಗೆ ಇಳಿಯಿತು. ಆಮೇಲೆ ‘ನ್ನ’. ಮೇಲಿನ ತಲೆಕಟ್ಟು ಚಂದವಾಗಿ ತಿರುಗಿತು. ಒತ್ತಕ್ಷರಕ್ಕೆ ಇಳಿಯುವ ಹೊತ್ತಿಗೆ ಟ್ಯೂಬ್‌ಲೈಟು ಮಿಣುಕಿತು. ಕಂಪ್ಯೂಟರು ಯುಪಿಎಸ್ ಮೇಲಿತ್ತು, ಅದಕ್ಕೇನೂ ಆಗಲಿಲ್ಲ. ಮೋಟರುಗಳು ನೇರ ಲೈನಿನ ಮೇಲಿದ್ದವು. ಸ್ಟೆಪ್ಪರಿನ ಸ್ವಭಾವವೇ ಅದು: ಹೇಳಿದಷ್ಟು ಹೆಜ್ಜೆ ಇಟ್ಟೆನೋ ಇಲ್ಲವೋ ಎಂದು ತಿರುಗಿ ವರದಿ ಕೊಡುವುದಿಲ್ಲ. ಕಂಪ್ಯೂಟರು ತನ್ನ ಪಾಡಿಗೆ ಅಪ್ಪಣೆ ಕೊಡುತ್ತಲೇ ಹೋಯಿತು. ‘ನ’ದ ಒತ್ತು ಬೆರಳಗಲ ಸರಿದು ಸೊನ್ನೆಯ ಹೊಟ್ಟೆಯೊಳಗೆ ಬಂದು ಕೂತಿತು.

“ಇದು ಯಾವ ಊರು ಸಾರ್?” ಎಂದರು ಆಚಾರಿ.

ವೆಲ್ಡಿಂಗ್ ಹುಡುಗನ ಗಮನ ಊರಿನ ಹೆಸರಿನ ಮೇಲೆ ಇರಲಿಲ್ಲ. ಅವನು ದಸರೆಯಲ್ಲಿ ಮಂಟಪ ಕಟ್ಟುವವರ ಪೈಕಿ. ಮಡಿಕೇರಿಯಲ್ಲೂ ಗೋಣಿಕೊಪ್ಪದಲ್ಲೂ ರಾತ್ರಿಯಿಡೀ ಸಾಗುವ ದಶಮಂಟಪಗಳನ್ನು ನೋಡಿದವರಿಗೆ ಗೊತ್ತು: ಟ್ರ್ಯಾಕ್ಟರಿನ ಮೇಲೆ ರಾಕ್ಷಸರು ಏಳುತ್ತಾರೆ, ದೇವಿ ತ್ರಿಶೂಲ ಎತ್ತುತ್ತಾಳೆ, ಹೊಗೆ, ಬೆಳಕು, ಸದ್ದು, ಕೆಳಗೆ ತೀರ್ಪುಗಾರರು. ಕಾರ್ಖಾನೆಗಳು ಕಡಿಮೆ ಇರುವ ನಮ್ಮ ಜಿಲ್ಲೆಯಲ್ಲಿ ಯಂತ್ರ ಕುಣಿಸುವ ವಿದ್ಯೆ ಯಾರಿಗಾದರೂ ಇದ್ದರೆ ಈ ಹುಡುಗರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

“ಅಂಕಲ್, ಇದರಲ್ಲಿ ಎಷ್ಟು ಮೋಟರ್ ಓಡಿಸಬಹುದು?”

“ಒಂಬತ್ತು ಅಕ್ಷದವರೆಗೆ.”

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಮಹಿಷಾಸುರನಿಗೆ ಧಾರಾಳ ಸಾಕು. ರಾವಣನಿಗೆ ಒಂದು ತಲೆ ಕಮ್ಮಿ ಆಗುತ್ತೆ” ಎಂದ. ನನ್ನ ಭಾಷಣದಲ್ಲಿ ಎಚ್‌ಎಂಟಿ ಇತ್ತು, ಎಂಐಟಿ ಇತ್ತು, ರಾವಣ ಇರಲಿಲ್ಲ. ಆ ರಾತ್ರಿಯೇ ಸೇರಿಸಿದೆ.

ಸರಿ, ಮೋಟರಿಗೂ ಯುಪಿಎಸ್ ಲೈನು ಕೊಟ್ಟು ಮರುದಿನ ಮತ್ತೆ ಇಬ್ಬರನ್ನೂ ಕೂರಿಸಿಕೊಂಡರೆ, ಮೆಷಿನ್ ಆನ್ ಆಗಲೇ ಒಲ್ಲದು. ಪರದೆಯ ಮೂಲೆಯಲ್ಲಿ ಒಂದೇ ವಾಕ್ಯ: ಜಾಯಿಂಟ್ 1 ಲಿಮಿಟ್ ಸ್ವಿಚ್ಚಿನ ಮೇಲಿದೆ. ಅಂದರೆ ಒಂದು ಅಕ್ಷ ತನ್ನ ಓಟದ ಕೊನೆಯ ಗಡಿಗೆ ತಗುಲಿದೆ ಎಂದು. ಕಣ್ಣಿಗೆ ಕಾಣುವಂತೆ ಅದು ಸ್ವಿಚ್ಚಿನಿಂದ ಒಂದಡಿ ದೂರ ಇತ್ತು. ಇಲ್ಲಿ ಹ್ಯಾಲ್ ಎಂಬುದರ ಬಗ್ಗೆ ಹೇಳಬೇಕು. ಈ ತಂತ್ರಾಂಶದೊಳಗೆ ಪ್ರತಿ ಸ್ವಿಚ್ಚು, ಪ್ರತಿ ಮೋಟರು, ಪ್ರತಿ ಸಂಕೇತವೂ ಹೆಸರಿಟ್ಟ ಪಿನ್ನುಗಳಾಗಿ ಬಿಚ್ಚಿಕೊಂಡಿರುತ್ತವೆ; ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ನಾವೇ ಬರೆಯುವುದು. ಓಡುತ್ತಿರುವಾಗಲೇ ಯಾವ ಪಿನ್ನಿನಲ್ಲಿ ಏನಿದೆ ಎಂದು ಕಿಟಕಿ ತೆರೆದು ನೋಡಬಹುದು. ತೆರೆದೆ. ಸ್ವಿಚ್ಚನ್ನು ಕೈಯಲ್ಲಿ ಒತ್ತಿದರೂ ಬಿಟ್ಟರೂ ಆ ಪಿನ್ನು ಹಾಗೇ ನಿಂತಿತ್ತು. ಅಂದರೆ ತೊಂದರೆ ಮೆಷಿನ್ನಿನದಲ್ಲ, ಕಂಪ್ಯೂಟರಿನದಲ್ಲ, ನಡುವಿನ ತಂತಿಯದು. ಲಿಮಿಟ್ ಸ್ವಿಚ್ಚನ್ನು ಯಾವಾಗಲೂ ಮುಚ್ಚಿರುವ ಬಗೆಯಲ್ಲಿ ಜೋಡಿಸುವುದು ಇದಕ್ಕೇ. ತಂತಿ ಕಡಿದರೆ ಮೆಷಿನ್ ಓಡುವ ಬದಲು ನಿಂತುಬಿಡುತ್ತದೆ.

ಹುಡುಗ ಕೇಬಲ್ ಹಿಡಿದು ಬೆರಳಾಡಿಸುತ್ತ ಮೇಜಿನ ಕೆಳಗೆ ತೂರಿದ. “ಸಿಕ್ತು. ಇಲಿ.” ಮೇಲಿನ ಪದರ ಕೆರೆದು ಒಳಗಿನ ತಾಮ್ರದವರೆಗೆ ತಿಂದಿತ್ತು.

ಆಚಾರಿ ಅಷ್ಟು ಹೊತ್ತೂ ಕೈಕಟ್ಟಿ ನಿಂತಿದ್ದವರು ಈಗ ಮುಂದೆ ಬಂದರು. ಬರಹ ಅವರಿಗೆ ಹಿಡಿಸಿರಲಿಲ್ಲ. ಹೆಸರಿನ ಫಲಕವನ್ನು ಕೈಯಲ್ಲೇ ಇದಕ್ಕಿಂತ ಬೇಗ ಕೆತ್ತಬಲ್ಲೆ ಎಂಬುದು ಅವರ ಮುಖದಲ್ಲಿ ಬರೆದಿತ್ತು, ಅದು ಸುಳ್ಳೂ ಅಲ್ಲ. ಈಗ ಕೇಳಿದರು: “ಇದು ನೀವೇ ಹುಡುಕಿದ್ದಾ? ಕಂಪನಿಯವರು ಬರಬೇಕಾಗಿಲ್ವಾ? ನಮ್ಮ ಷಡ್ಡಕ ಒಂದು ಕೆತ್ತೋ ಮೆಷಿನ್ ತಗೊಂಡ. ಹಾಳಾದಾಗ ಬೆಂಗಳೂರಿಂದ ಜನ ಬರೋಕೆ ಕಾದು ಕಾದು, ಈಗ ಅದರ ಮೇಲೆ ಬಟ್ಟೆ ಒಣಹಾಕ್ತಾರೆ.”

ಅಷ್ಟರಲ್ಲಿ ಕಾಫಿ ತಂದ ಇವಳು ತಟ್ಟೆಯನ್ನು ಮೆಷಿನ್ನಿನ ಮೇಜಿನ ಮೇಲೇ ಇಟ್ಟು ಹೇಳಿದಳು: “ಹಾಗಾದ್ರೆ ಪ್ರಾತ್ಯಕ್ಷಿಕೆ ಅಂತ ಇದನ್ನೇ ತೋರಿಸಿ. ಬರೆಯೋದು, ಕೆತ್ತೋದು ಎಲ್ಲಾ ಮೆಷಿನ್ನೂ ಮಾಡುತ್ತೆ. ಕೆಟ್ಟಾಗ ಏನ್ ಮಾಡ್ತೀರ ಅಂತ ತೋರಿಸಿ. ಇಲ್ಲಿ ಎಲ್ಲರ ಮನೇಲೂ ಪಲ್ಪರ್ ಇದೆ, ಎಲ್ಲರ ಪಲ್ಪರೂ ಹಣ್ಣು ಕೊಯ್ಯೋ ದಿನಾನೇ ಕೆಡುತ್ತೆ.”

ಬೆಂಗಳೂರಿನಲ್ಲಿ ನಡೆಯುವ ಯಂತ್ರೋಪಕರಣಗಳ ಇಮ್‌ಟೆಕ್ಸ್ ಮೇಳಗಳಲ್ಲಿ ಲೆಕ್ಕವಿಲ್ಲದಷ್ಟು ಮಳಿಗೆಗಳಲ್ಲಿ ನಿಂತು ನೋಡಿದ್ದೇನೆ. ಮೆಷಿನ್ ಕೆಡಿಸಿ ತೋರಿಸಿದ ಮಳಿಗೆ ಒಂದನ್ನೂ ಕಂಡಿಲ್ಲ. ಭಾಷಣದ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಹೊಸ ಕಾರ್ಯಕ್ರಮ ಇವಳದು: ನಾನು ಹತ್ತು ನಿಮಿಷ ಮಾತಾಡುವುದು, ರಾವಣನೂ ಸೇರಿ. ಪೆನ್ನು ಊರಿನ ಹೆಸರು ಬರೆಯುವುದು. ಆಮೇಲೆ ವೆಲ್ಡಿಂಗ್ ಹುಡುಗ ನನಗೆ ಹೇಳದೆ ಒಂದು ತಂತಿ ಕಿತ್ತಿಡುವುದು, ನಾನು ಎಲ್ಲರೆದುರು ಅದನ್ನು ಹುಡುಕುವುದು. ಅಡುಗೆ ಆಗುವವರೆಗೆ ಹುಡುಕಬಹುದು, ಆಮೇಲೆ ಇಲ್ಲ. ಸಿಗದಿದ್ದರೆ ಊಟ ಮಾಡಿ ಬಂದು ಹುಡುಕುವುದು.

ನೆನಪಿನ ಕಾಣಿಕೆ ಕೊಡಬೇಕೇ ಎಂಬ ಚರ್ಚೆಯೂ ಆಯಿತು. 1959ರಲ್ಲಿ ಎಂಐಟಿಯವರು ತಮ್ಮ ಹೊಸ ಮೆಷಿನ್ ಭಾಷೆಯನ್ನು ಪತ್ರಕರ್ತರಿಗೆ ತೋರಿಸಿದಾಗ, ಅದರಿಂದಲೇ ಕೊರೆದ ಅಲ್ಯೂಮಿನಿಯಂ ಆಷ್‌ಟ್ರೇ ಕೊಟ್ಟು ಕಳಿಸಿದ್ದರಂತೆ. ನಮ್ಮಲ್ಲಿ ಸಿಲ್ವರ್ ಓಕಿನ ಹಲಗೆ ತುಂಡುಗಳು ಬೇಕಾದಷ್ಟು ಬಿದ್ದಿವೆ. ಕಾಫಿ ಲೋಟ ಇಡುವ ಬಿಲ್ಲೆ ಕೊರೆದು ಕೊಡೋಣ ಎಂದೆ. ಊರಿನಲ್ಲಿ 1995ರಿಂದ ಅರಣ್ಯ ಕಾಲೇಜಿದೆ, ಅಲ್ಲಿಯವರು ಬಂದರೆ ತಂತ್ರಾಂಶ ಬಿಟ್ಟು ಹಲಗೆಯನ್ನೇ ತಿರುಗಿಸಿ ನೋಡುತ್ತಾರೆ ಎಂಬ ಅಳುಕೂ ಇದೆ. ಇವಳು ಒಪ್ಪಿದಳು, ಒಂದು ಷರತ್ತಿನ ಮೇಲೆ: ಮೊದಲ ಬಿಲ್ಲೆ ದೊಡ್ಡದಾಗಿರಬೇಕು, ದುಂಡಗಿರಬೇಕು, ಅದರ ಮೇಲೆ ಚಪಾತಿ ಲಟ್ಟಿಸುವಂತಿರಬೇಕು.

ದಿನವನ್ನೂ ಕಡೆಗೆ ಅವಳೇ ಗೊತ್ತುಮಾಡಿದಳು. ಹುತ್ತರಿ ಕಳೆದು ರೊಬಸ್ಟಾ ಕೊಯ್ಲು ಶುರುವಾಗುವ ನಡುವಿನ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ನಮ್ಮ ಕಾರ್ ಶೆಡ್ಡಿನಲ್ಲಿ. ಬರುವವರಲ್ಲಿ ಎರಡು ಕೋರಿಕೆ. ಪ್ರಿಂಟರ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್ ಅಟ್ಟದಲ್ಲಿದ್ದರೆ ಗುಜರಿಗೆ ಹಾಕದೆ ಜೊತೆಯಲ್ಲಿ ತನ್ನಿ, ಅಲ್ಲೇ ಲೇಟೆನ್ಸಿ ನೋಡಿಕೊಡುತ್ತೇನೆ. ಎರಡನೆಯದು ಮನೆಯವಳ ಅಪ್ಪಣೆ: ನಮ್ಮಲ್ಲಿ ಕಡಂಬುಟ್ಟು, ಕೋಳಿ ಸಾರು, ಪಕ್ಕದ ಮನೆಯವರು ಪಂದಿ ಕರಿ ಮಾಡಿ ಕೊಡುತ್ತಾರೆ. ಕೋಳಿ, ಪಂದಿ ಎರಡನ್ನೂ ತಿನ್ನದವರು ಹಿಂದಿನ ದಿನವೇ ತಿಳಿಸಬೇಕು.